ಬಿಜ್ಜಳನಿಗೆ ತಡೆಯದ ಒಂದು ಮದುವೆ



ಬಸವಣ್ಣನವರು ಹುಟ್ಟಿದ ನಮ್ಮ ಬಾಗೇವಾಡಿಯೊಳಗ ಬಿಜ್ಜಳ ಅಂದ್ರ ಬರೀ ಖಳನಾಯಕ. ಇತಿಹಾಸ ಅಷ್ಟು ಸರಳ ಇಲ್ಲ. ಚಾಲುಕ್ಯರ ಸಾಮಂತನಾಗಿದ್ದ ಈ ಕಳಚುರಿ ಅರಸ ಅವರ ಸಿಂಹಾಸನವನ್ನೇ ಕಸಿದುಕೊಂಡು ಕಲ್ಯಾಣ ಆಳಿದ. ಬಸವಣ್ಣನವರಿಗೆ ಭಂಡಾರದ ಹೊಣೆ ಕೊಟ್ಟವನೂ ಅವನೇ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಸರಿಸಮ ಕೂತು ಮಾತಾಡಿದ್ದು ಅವನ ಕಾಲದಾಗ. ಅಲ್ಲೀತನಕ ಅರಸ ತಡಕೊಂಡ.

ಶರಣ ಪರಂಪರೆ ಹೇಳೋ ಪ್ರಕಾರ, ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನ ಕೊಟ್ಟಾಗ ಮಾತ್ರ ತಡೀಲಿಲ್ಲ. ಇಬ್ಬರೂ ಬೀಗರಿಗೆ ಎಳೆಹೂಟೆ ಶಿಕ್ಷೆ! 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಮುಗೀತು. ಶರಣರು ದಿಕ್ಕಾಪಾಲಾದರು, ಚೆನ್ನಬಸವಣ್ಣನವರ ಗುಂಪು ವಚನದ ಕಟ್ಟು ಹೊತ್ತು ಉಳವಿಗೆ ನಡೀತು.

ರೋಮಿನಾಗ ಆಗಿದ್ದು ಉಲ್ಟಾ. ಚಕ್ರವರ್ತಿ ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತರಿಗೆ ಪೂಜೆಯ ಸ್ವಾತಂತ್ರ್ಯ ಕೊಟ್ಟ, 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ, ಚರ್ಚು ಕಟ್ಟಿಸಿದ. ಧರ್ಮಕ್ಕೆ ಸಿಂಹಾಸನದ ಪಕ್ಕ ಜಾಗ ಸಿಕ್ತು. ಗುಲಾಮ ಮಾತ್ರ ಗುಲಾಮನಾಗೇ ಉಳಿದ.

ಎರಡೂ ಕಡೆ ಪ್ರಭುತ್ವದ ಲೆಕ್ಕ ಒಂದೇ: ಯಾವ ದೇವರನ್ನಾದ್ರೂ ಪೂಜಿಸ್ರಿ, ಮೇಲು ಕೀಳು ಮಾತ್ರ ಮುಟ್ಟಬ್ಯಾಡ್ರಿ.

2024ರಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಿಸ್ತು. ನಾ ಗುಮಾಸ್ತಿಕೆ ಮಾಡೋ ಆಫೀಸಿನ ಗೋಡೆ ಮ್ಯಾಲೂ ಅವರ ಫೋಟೋ ಅದ. ಸಂತೋಷ. ಆದ್ರ ಜಾತಿ ಮೀರಿ ಲಗ್ನಾದ ಮಕ್ಕಳು ಇವತ್ತಿಗೂ ಜೀವ ಕೈಯಾಗ ಹಿಡಕೊಂಡು ಊರು ಬಿಡ್ತಾರ. ಫೋಟೋಕ್ಕ ಹಾರ ಹಾಕಿದ್ರ ಹರಳಯ್ಯನ ಸಾಲ ತೀರೂದಿಲ್ಲ.

ವಿಶೇಷ ವಿವಾಹ ಕಾಯ್ದೆಯ ಲಗ್ನಕ್ಕ ಮೂರು ಮಂದಿ ಸಾಕ್ಷಿ ಬೇಕು. ಅದರಾಗ ಒಬ್ಬರು ನೀವಾಗ್ರಿ.