ತ್ರೀ ನಾಟ್ ತ್ರೀ ಮತ್ತು ಅಜ್ಜನ ಕೇಪಿನ ಕೋವಿ

ನಮ್ಮ ಊರ ಕಡೆಯವರಿಗೆ ಹಳೆಯದನ್ನು ಕೂಡಿಡುವ ಹುಚ್ಚು ಸ್ವಲ್ಪ ಜಾಸ್ತಿಯೇ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳಕ್ಕೆ ಹೋದರೆ ಮಂಜೂಷಾ ವಸ್ತುಸಂಗ್ರಹಾಲಯ ಉಂಟು, ಪಕ್ಕದಲ್ಲಿ ಹಳೆ ಕಾರುಗಳ ಸಾಲೂ ಉಂಟು. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ತುಳುವರ ಮನೆಬಳಕೆಯ ವಸ್ತುಗಳನ್ನೆಲ್ಲ ಸೇರಿಸಿ ರಾಣಿ ಅಬ್ಬಕ್ಕನ ಹೆಸರಿನಲ್ಲಿ ಒಂದು ಕೇಂದ್ರವನ್ನೇ ಕಟ್ಟಿದ್ದಾರೆ. ಮೂಡಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಟ್ಟಲೆ ಉಳಿದದ್ದು ನಿಮಗೆಲ್ಲ ಗೊತ್ತಿರುವುದೇ. ಆದರೆ ಬ್ರಿಟಿಷರ ಕಾಲದ ಮಿಲಿಟರಿ ರೈಫಲ್ ಕೂಡಿಟ್ಟವರು ಯಾರಾದರೂ ಇದ್ದಾರಾ? ನನಗಂತೂ ಒಬ್ಬರೂ ಸಿಕ್ಕಿಲ್ಲ.

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಟೆಕ್ಸಾಸಿನಲ್ಲಿ. ಪ್ರಾಜೆಕ್ಟ್ ಕೆಲಸಕ್ಕೆಂದು ಹೋಗಿದ್ದಾಗ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದಿದ್ದರು. ಗೋಡೆ ತುಂಬ ರೈಫಲ್ಲುಗಳು! ಎಲ್ಲವೂ ಬ್ರಿಟಿಷರದ್ದು, ಎಲ್ಲವೂ ಬೋಲ್ಟ್ ಎಳೆದು ಹೊಡೆಯುವಂಥವು. ಒಂದನ್ನು ಕೆಳಗಿಳಿಸಿ ನನ್ನ ಕೈಗೆ ಕೊಟ್ಟು, "ಇದು ನಿಮ್ಮ ದೇಶದ್ದೇ" ಅಂದರು. ನೋಡಿದರೆ 'ಆರ್.ಎಫ್.ಐ. 1967' ಎಂಬ ಮುದ್ರೆ. ಬಂಗಾಳದ ಇಷಾಪುರದ ರೈಫಲ್ ಫ್ಯಾಕ್ಟರಿ. 1962ರ ಚೀನಾ ಯುದ್ಧದ ನಂತರ ಹಳೆ ಎನ್‌ಫೀಲ್ಡ್ ಮಾದರಿಯನ್ನೇ 7.62 ಮಿ.ಮೀ. ಗುಂಡಿಗೆ ಹೊಂದಿಸಿ ಅಲ್ಲಿ ಮಾಡಿದ್ದರು. ಇಲ್ಲಿ ಕೆಲಸ ಮುಗಿದ ಮೇಲೆ ಅವು ಅಮೆರಿಕದ ಅಂಗಡಿಗಳಿಗೆ ಹೋದವು. ನಮ್ಮಲ್ಲೇ ಹುಟ್ಟಿದ ಕೋವಿಯನ್ನು ಮೊದಲ ಸಲ ಸಮಾಧಾನದಿಂದ ಹಿಡಿದು ನೋಡಲು ನಾನು ಸಮುದ್ರ ದಾಟಬೇಕಾಯಿತು :)

ಮೊದಲ ಸಲ ಅಂದದ್ದು ಪೂರ್ತಿ ನಿಜವಲ್ಲ. ಮೂಡಬಿದಿರೆಯಲ್ಲಿ ಓದುವಾಗ ಎನ್.ಸಿ.ಸಿ. ಕವಾಯತಿಗೆ ನಮಗೆ ಹಳೆ .303ಗಳನ್ನೇ ಕೊಡುತ್ತಿದ್ದರು. ಗುಂಡು ಹಾರದಂತೆ ಮಾಡಿ, 'ಡಿ.ಪಿ.' ಅಂದರೆ ಡ್ರಿಲ್‌ಗೆ ಮಾತ್ರ ಎಂದು ಗುರುತು ಹಾಕಿದವು. ಸುಮಾರು ನಾಲ್ಕು ಕಿಲೋ ಭಾರ. ಭುಜ ನೋಯುತ್ತಿತ್ತೇ ಹೊರತು ಅದರ ಚರಿತ್ರೆ ಕೇಳುವ ಮನಸ್ಸು ಆಗ ಯಾರಿಗಿತ್ತು?

ಚರಿತ್ರೆ ಹೀಗಿದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಬೋಲ್ಟ್ ಮತ್ತು ಮ್ಯಾಗಜಿನ್ ಇಟ್ಟುಕೊಂಡು 1888ರಲ್ಲಿ ಬ್ರಿಟಿಷ್ ಸೈನ್ಯ ಲೀ-ಮೆಟ್‌ಫರ್ಡ್ ರೈಫಲ್ ತಂದಿತು. ಹೊಸ ಕಾರ್ಡೈಟ್ ಮದ್ದಿನ ಬಿಸಿಗೆ ಅದರ ನಳಿಗೆಯ ಒಳಗಿನ ಗೀರುಗಳು ಬೇಗ ಸವೆದುಹೋಗುತ್ತಿದ್ದವು. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯವರು ಗೀರುಗಳನ್ನು ಇನ್ನೂ ಆಳ ಮಾಡಿದರು, ಹೆಸರು ಲೀ-ಎನ್‌ಫೀಲ್ಡ್ ಆಯಿತು. ಹಿಡಿ ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಮ್ಯಾಗಜಿನ್ನಿನಲ್ಲಿ ಹತ್ತು ಗುಂಡು. ಪಳಗಿದ ಸೈನಿಕ ನಿಮಿಷಕ್ಕೆ ಹದಿನೈದು ಹೊಡೆಯುತ್ತಿದ್ದ. (ಅಂದ ಹಾಗೆ, ಬುಲೆಟ್ ಬೈಕಿನವರ ರಾಯಲ್ ಎನ್‌ಫೀಲ್ಡ್ ಹೆಸರೂ ಇಲ್ಲಿಂದಲೇ ಬಂದದ್ದು. ಆ ಕಂಪೆನಿಯವರು ಸೈಕಲ್ ಮಾಡುತ್ತಿದ್ದ ಕಾಲದಲ್ಲಿ ಈ ಕಾರ್ಖಾನೆಗೆ ರೈಫಲ್ಲಿನ ಬಿಡಿಭಾಗ ಒದಗಿಸುತ್ತಿದ್ದರು.)

ಇಂಥ ಕೋವಿ ಯಾರ ಕೈಯಲ್ಲಿರಬೇಕು, ಯಾರ ಕೈಯಲ್ಲಿರಬಾರದು ಎಂಬ ಲೆಕ್ಕ ಬ್ರಿಟಿಷರಿಗೆ ಚೆನ್ನಾಗಿತ್ತು. ನಮ್ಮ ಜಿಲ್ಲೆಯಲ್ಲಿ ಅವರಿಗೆ ಬಿಸಿ ಮುಟ್ಟಿದ್ದು 1857ಕ್ಕೂ ಮೊದಲೇ. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ಕಲ್ಯಾಣಪ್ಪನ ದಂಡು ಬಂಟ್ವಾಳದ ದಾರಿಯಾಗಿ ಹೋಗಿ ಮಂಗಳೂರನ್ನೇ ಹಿಡಿದು ಕೆಲವು ದಿನ ಇಟ್ಟುಕೊಂಡಿತ್ತು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಅದರೊಳಗಿದ್ದ. 1857ರ ನಂತರವಂತೂ ಇಡೀ ದೇಶದಲ್ಲಿ ಆಯುಧ ಕಿತ್ತುಕೊಳ್ಳುವ ಕೆಲಸ ಶುರುವಾಯಿತು, 1878ರಲ್ಲಿ ಆರ್ಮ್ಸ್ ಆಕ್ಟ್ ಬಂತು. ಸಂಪಾಜೆ ಘಾಟಿ ಹತ್ತಿದರೆ ಕಥೆ ಬೇರೆ. ಕೊಡವರಿಗೆ 1861ರಲ್ಲೇ ವಿನಾಯಿತಿ ಸಿಕ್ಕಿತ್ತು. ಅದನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ 2029ರವರೆಗೆ ಮುಂದುವರಿಸಿದೆ. ಘಾಟಿಯ ಕೆಳಗಿನ ನಮಗೆ ಲೈಸೆನ್ಸೇ ಗತಿ.

ತಮ್ಮದೇ ಸೈನ್ಯದ ಭಾರತೀಯ ಸಿಪಾಯಿಗಳನ್ನೂ ಅವರು ಪೂರ್ತಿ ನಂಬಲಿಲ್ಲ. ಬಿಳಿಯ ಸೈನಿಕನ ಕೈಗೆ ಹೊಸ ಬಂದೂಕು ಬಂದ ಮೇಲೆ ಹಳೆಯದು ಸಿಪಾಯಿಗೆ ಎಂಬುದು ಬಹುಕಾಲದ ರೂಢಿ. ಪೊಲೀಸರಿಗೆ, ಜೈಲು ಕಾಯುವವರಿಗೆ ಇನ್ನೂ ವಿಚಿತ್ರ. ಇಷಾಪುರದಲ್ಲಿ ಇದೇ ರೈಫಲ್ಲಿನ ನಳಿಗೆ ಕೊರೆದು, ಒಳಗಿನ ಗೀರು ತೆಗೆದು, ಮ್ಯಾಗಜಿನ್ನಿನ ಜಾಗ ಮುಚ್ಚಿ, ಒಂದೊಂದೇ ಗುಂಡು ಹಾಕುವ .410 ಮಸ್ಕೆಟ್ ಮಾಡಿ ಕೊಟ್ಟರು. ನೋಡಲು ರೈಫಲ್, ಒಳಗೆ ಬರೀ ಕೊಳವೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಬೇಕೆಂದೇ ಫೀಚರ್ ತೆಗೆದು ಬಿಟ್ಟ ವರ್ಷನ್!

ಜನಸಾಮಾನ್ಯರಿಗೆ ಸೈನ್ಯದ ಅಳತೆಯ ಗುಂಡೇ ನಿಷಿದ್ಧ. ಅದಕ್ಕೇ ಶಿಕಾರಿಯವರಿಗೆ .315 ಎಂಬ ಬೇರೆ ಅಳತೆಯ ರೈಫಲ್ ಬಂತು. ಸ್ವಾತಂತ್ರ್ಯ ಬಂದರೂ ಈ ಬೇಲಿ ಹೋಗಲಿಲ್ಲ. .315 ಸ್ಪೋರ್ಟಿಂಗ್ ರೈಫಲ್ ಸರ್ಕಾರದ ಕಾರ್ಖಾನೆಯಲ್ಲೇ ತಯಾರಾಯಿತು, .303 ಮಾತ್ರ ಪೊಲೀಸರ ಹತ್ತಿರವೇ ಉಳಿಯಿತು. ಅದೂ ಎಷ್ಟು ಕಾಲ? 2008ರ ನವೆಂಬರ್ 26ರಂದು ಮುಂಬೈ ಸಿ.ಎಸ್.ಟಿ.ಯಲ್ಲಿ ಎ.ಕೆ. ರೈಫಲ್ಲುಗಳೆದುರು ನಮ್ಮ ಪೊಲೀಸರಲ್ಲಿ ಕೆಲವರ ಕೈಯಲ್ಲಿದ್ದದ್ದು ಇದೇ. ಉತ್ತರಪ್ರದೇಶದ ಪೊಲೀಸರು ಇದನ್ನು ಬೀಳ್ಕೊಟ್ಟದ್ದು 2020ರ ಜನವರಿಯಲ್ಲಿ. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಮೂರರ ಬದಲು ಎರಡೇ ಬಂದೂಕು ಎಂದಾಗಿದೆ. ಹೀಗಿರುವಾಗ ಗೋಡೆ ತುಂಬ ತೂಗುಹಾಕುವುದು ಎಲ್ಲಿಂದ ಬಂತು?

ಹಾಗಾದರೆ ನಮ್ಮ ಮನೆಗಳಲ್ಲಿ ಇದ್ದದ್ದೇನು? ಕೇಪಿನ ಕೋವಿ. ತುಳುವಿನಲ್ಲಿ ಬೆಡಿ. ಬೆಳ್ತಂಗಡಿ ತಾಲೂಕಿನ ನಮ್ಮ ತೋಟದ ಮನೆಯಲ್ಲಿ ಅಜ್ಜನ ಕೋವಿ ಚಾವಡಿಯ ಗೋಡೆಗೆ ತೂಗುತ್ತಿತ್ತು. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕೋಲಿನಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಹಿಂದೆ ತಾಮ್ರದ ಕೇಪು ಇಡಬೇಕು. ಅಷ್ಟು ಹೊತ್ತಿಗೆ ಹಂದಿ ಪಕ್ಕದ ಮನೆಯ ತೋಟಕ್ಕೆ ತಲುಪಿರುತ್ತಿತ್ತು. ಅಜ್ಜ ಹೊಡೆದದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು. ಕೃಷಿ ರಕ್ಷಣೆಗೆಂದು ಕೊಟ್ಟ ಲೈಸೆನ್ಸು. ಬ್ರಿಟಿಷ್ ಸೈನ್ಯ ಕೇಪಿನ ಕೋವಿಗೆ ಬಂದದ್ದು 1840ರ ಸುಮಾರಿಗೆ, ಅದನ್ನು ಬಿಡತೊಡಗಿದ್ದು 1860ರ ದಶಕದಲ್ಲಿ. ಅಜ್ಜ ಅದನ್ನು 2018ರವರೆಗೂ ಎಣ್ಣೆ ಹಚ್ಚಿ ಒರೆಸುತ್ತಿದ್ದರು.

ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರಬೇಕು. ಲೋಕಸಭೆ, ವಿಧಾನಸಭೆ, ಪಂಚಾಯತು... "ಓಟು ಹಾಕುವವ ನಾನು, ಜೈಲು ಕೋವಿಗೆ" ಎನ್ನುತ್ತಿದ್ದರು ಅಜ್ಜ. ಅಲ್ಲಿ ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್ಲಿನ ಹೆಗಲ ಮೇಲೆ ತ್ರೀ ನಾಟ್ ತ್ರೀ. ಚಿಕ್ಕವನಿದ್ದಾಗ ಅಜ್ಜನ ಜೊತೆ ಹೋಗಿ ಎರಡನ್ನೂ ಒಟ್ಟಿಗೆ ಕಂಡ ನೆನಪು ಇನ್ನೂ ಉಂಟು.

2021ರಲ್ಲಿ ಅಜ್ಜ ತೀರಿಕೊಂಡರು. ಲೈಸೆನ್ಸಿನವರು ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಪ್ಪ ಒಯ್ದು ಕೊಟ್ಟು ಬಂದರು. ವಾರಸುದಾರರು ಅರ್ಜಿ ಹಾಕಿ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ಬಿಟ್ಟ ಕೋವಿಗಳನ್ನು ಒಂದು ದಿನ ಒಡೆದು ನಾಶ ಮಾಡುತ್ತಾರೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಡಿ ಬಂದೆ. ಒಂದು ಕೋಣೆಯ ಮೂಲೆಯಲ್ಲಿ ಹತ್ತಾರು ಕೋವಿಗಳ ರಾಶಿ, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ನಮ್ಮದರ ಚೀಟಿಯಲ್ಲಿ ಅಜ್ಜನ ಹೆಸರು ಅರ್ಧ ಅಳಿಸಿತ್ತು, ನಳಿಗೆಗೆ ತುಕ್ಕು ಹಿಡಿದಿತ್ತು. ಕಾಯ್ದೆಯಲ್ಲಿ ಒಂದು ಕಿಂಡಿ ಉಂಟು: ಹಳೆಯ ಕಾಲದ್ದಾಗಿದ್ದು, ರಿಪೇರಿ ಮಾಡಿದರೂ ಗುಂಡು ಹಾರದಂಥ ಆಯುಧಕ್ಕೆ ಲೈಸೆನ್ಸ್ ಬೇಡ. ಆದರೆ ಅಜ್ಜ ಅದನ್ನು ಎಷ್ಟು ಜೋಪಾನ ಮಾಡಿದ್ದರೆಂದರೆ, ತುಕ್ಕು ಉಜ್ಜಿದರೆ ಅದು ಇವತ್ತೂ ಹಾರುತ್ತದೆ!

ಅರ್ಜಿ ಹಾಕುತ್ತೇನೆ ಅಂದದ್ದಕ್ಕೆ ಅಪ್ಪ, "ನಿಂಗೆ ಎಂತಕ್ಕೆ ಮಾರಾಯಾ ಅದು? ಬೆಂಗಳೂರಲ್ಲಿ ಹಂದಿ ಉಂಟಾ?" ಅಂದರು.

ಫಾರಂ ತುಂಬಿಸಿ ಇಟ್ಟಿದ್ದೇನೆ. ಕೋವಿ ಯಾವ ಉದ್ದೇಶಕ್ಕೆ ಬೇಕು ಎಂಬ ಕಾಲಂ ಒಂದು ಬಾಕಿ ಉಂಟು. ಅದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಸಹಿ ಆಗಿದೆ.