ಇಟಲಿಯ ಮೋಟಾರು ರಥಗಳೂ ದಂಡಿನ ಸುತ್ತಿಗೆಯೂ

ಬೆಂಗಳೂರು ದಂಡಿನ ಚರಿತ್ರೆಯನ್ನು ಬರೆಯುವವರು 1809ರಲ್ಲಿ ಇಂಗ್ಲಿಷರ ಪಾಳೆಯವು ಹಲಸೂರಿನ ಬಳಿ ನೆಲಸಿದುದನ್ನೂ, 1947ರಲ್ಲಿ ಆ ಪ್ರದೇಶವು ಮರಳಿ ಮೈಸೂರಿಗೆ ಸೇರಿದುದನ್ನೂ ವಿಸ್ತಾರವಾಗಿ ವರ್ಣಿಸುವರು. ಆ ದಂಡಿನ ಪೂರ್ವಭಾಗದಲ್ಲಿ ಲೋಹದ ತಗಡನ್ನು ಬಡಿದು ಬದುಕಿದವರ ವಿಷಯವನ್ನು ಎತ್ತುವವರು ವಿರಳ. ಇವರಿಗೂ ಇಟಲಿ ದೇಶದ ಜಗತ್ಪ್ರಸಿದ್ಧವಾದ ವೇಗದ ಕಾರುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ಒಬ್ಬ ಉದ್ಯಮಿಯ ಹೆಸರಿನಿಂದ ಆರಂಭವಾಗುತ್ತದೆ.

ವಾಲಚಂದ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಯೋಗದಿಂದ ಹಲಸೂರಿಗೆ ಪೂರ್ವದಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರ ಮನಸ್ಸಿನಲ್ಲಿ ಮೋಟಾರು ಕಾರ್ಖಾನೆಯ ಆಸೆಯೂ ಇದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ವಿದೇಶಗಳಲ್ಲಿ ಸಂಚರಿಸಿ ಅಂತಹ ಕಾರ್ಖಾನೆಗೆ ಯೋಜನೆಯನ್ನು ಸಿದ್ಧಪಡಿಸಿದ್ದರು. ಅಂದಿನ ಭಾರತ ಸರ್ಕಾರದ ಒತ್ತಾಸೆ ಮಾತ್ರ ದೊರೆಯಲಿಲ್ಲ. ಕಡೆಗೆ 1944ರಲ್ಲಿ ವಾಲಚಂದರ ಪ್ರೀಮಿಯರ್ ಕಂಪೆನಿಯು ಮುಂಬಯಿಯಲ್ಲಿ ತಲೆಯೆತ್ತಿತು. ಹೀಗೆ ವಿಮಾನವು ಬೆಂಗಳೂರಿನ ಪಾಲಿಗೂ ಮೋಟಾರು ಮುಂಬಯಿಯ ಪಾಲಿಗೂ ಬಂದವು. ಇದೇ ಪ್ರೀಮಿಯರ್ ಕಂಪೆನಿಯು 1964ರಿಂದ ಇಟಲಿಯ ಫಿಯಟ್ 1100 ಡಿಲೈಟ್ ಎಂಬ ಕಾರನ್ನು ಇಲ್ಲಿ ತಯಾರಿಸತೊಡಗಿ, ಮುಂದೆ 1974ರಲ್ಲಿ ಅದಕ್ಕೆ ‘ಪದ್ಮಿನಿ’ ಎಂದು ಹೆಸರಿಟ್ಟಿತು. ಟೂರಿನ್ ನಗರದಲ್ಲಿ ರೂಪುಗೊಂಡ ಗಾಡಿಯು ಚಿತ್ತೋಡದ ರಾಣಿಯ ನಾಮಧೇಯವನ್ನು ಧರಿಸಿ ನಮ್ಮ ಮನೆಗಳ ಅಂಗಳಕ್ಕೆ ಬಂದಿತು. ಕನ್ನಡ ನಾಡಿನ ಗೃಹಸ್ಥರಲ್ಲಿ ಬಹುಮಂದಿಗೆ ಇಟಲಿಯ ಶಿಲ್ಪದ ಪರಿಚಯವಾದುದು ಈ ಪದ್ಮಿನಿಯಿಂದಲೇ. ಅವರಿಗೆ ಅದು ತಿಳಿಯದಿದ್ದರೂ ಸರಿಯೆ.

ಪದ್ಮಿನಿಯು ಸಂಸಾರದ ಗಾಡಿ. ಇಟಲಿಗೆ ಕೀರ್ತಿಯನ್ನು ತಂದ ಗಾಡಿಗಳು ಬೇರೆ. ಅವುಗಳ ತೌರು ಪೋ ನದಿಯ ಬಯಲಿನಲ್ಲಿರುವ ಮೊದೆನಾ, ಬೊಲೋನ್ಯ ಎಂಬ ಪಟ್ಟಣಗಳ ಸುತ್ತಣ ಸೀಮೆ. ಮೆಕ್ಕಲು ಮಣ್ಣಿನ ಫಲವತ್ತಾದ ಬೇಸಾಯದ ನಾಡು ಅದು. ನೇಗಿಲನ್ನೂ ಗಾಡಿಯ ಚಕ್ರವನ್ನೂ ಮಾಡುತ್ತಿದ್ದ ಕುಲುಮೆಗಳ ನಡುವೆಯೇ ಮೋಟಾರಿನ ವಿದ್ಯೆಯು ಬೆಳೆಯಿತು. ಮಸೆರಾತಿ ಸಹೋದರರು 1914ರಲ್ಲಿ ಬೊಲೋನ್ಯದಲ್ಲಿ ಕಾರ್ಯಾರಂಭ ಮಾಡಿ, ಅಲ್ಲಿನ ಚೌಕದಲ್ಲಿರುವ ಸಮುದ್ರದೇವತೆಯ ಪ್ರತಿಮೆಯ ಕೈಯಲ್ಲಿದ್ದ ತ್ರಿಶೂಲವನ್ನೇ ತಮ್ಮ ಲಾಂಛನವಾಗಿ ತೆಗೆದುಕೊಂಡರು. 1898ರಲ್ಲಿ ಮೊದೆನಾದಲ್ಲಿ ಹುಟ್ಟಿದ ಎಂಜೊ ಫೆರಾರಿಯು, 1918ರಲ್ಲಿ ಯುದ್ಧದಲ್ಲಿ ಮಡಿದ ಬರಾಕ್ಕಾ ಎಂಬ ವೈಮಾನಿಕನ ವಿಮಾನದ ಮೇಲಿದ್ದ ನೆಗೆಯುವ ಕುದುರೆಯನ್ನು, ಆತನ ತಾಯಿಯ ಸೂಚನೆಯಂತೆ ಸ್ವೀಕರಿಸಿದನು. ಫೆರಾರಿಯ ಹೆಸರನ್ನು ಹೊತ್ತ ಮೊದಲನೆಯ ಕಾರು 1947ರ ಮೇ ತಿಂಗಳಲ್ಲಿ ಪಂದ್ಯಕ್ಕೆ ಇಳಿಯಿತು. ಒಂದೂವರೆ ಲೀಟರು ಮಾತ್ರದ ಅದರ ಎಂಜಿನ್ನಿಗೆ ಹನ್ನೆರಡು ಸಿಲಿಂಡರುಗಳು!

ಫೆರುಚ್ಚಿಯೊ ಲಂಬೋರ್ಗಿನಿಯಂತೂ ರೈತನ ಮಗ. ಟ್ರಾಕ್ಟರುಗಳನ್ನು ಮಾಡಿ ಧನಿಕನಾದವನು. ತನ್ನ ಫೆರಾರಿ ಕಾರಿನ ಕ್ಲಚ್ಚಿನ ದೋಷವನ್ನು ಆಡಿತೋರಿಸಲು ಹೋಗಿ, ನೀನು ಟ್ರಾಕ್ಟರನ್ನೇ ಓಡಿಸೆಂಬ ಉತ್ತರವನ್ನು ಪಡೆದು, ಆ ಛಲದಿಂದ 1963ರಲ್ಲಿ ತಾನೇ ಕಾರ್ಖಾನೆ ಹೂಡಿದನೆಂದು ಪ್ರತೀತಿ. ಇದು ಲಂಬೋರ್ಗಿನಿಯೇ ಹೇಳಿಕೊಂಡ ಕಥೆ. ಸ್ಥಳಪುರಾಣಗಳನ್ನು ಓದುವ ಎಚ್ಚರದಿಂದಲೇ ಇದನ್ನೂ ಓದಬೇಕು. ಆದರೆ 1966ರಲ್ಲಿ ಅವನ ಕಾರ್ಖಾನೆಯಿಂದ ಹೊರಟ ಮಿಯುರಾ ಎಂಬ ಕಾರು ಪುರಾಣವಲ್ಲ. ಎಂಜಿನ್ನನ್ನು ಸವಾರನ ಬೆನ್ನ ಹಿಂದೆ ಅಡ್ಡಲಾಗಿ ಇರಿಸಿ, ಗಾಡಿಯನ್ನು ಹುಲ್ಲಿನಲ್ಲಿ ಅವಿತ ಮೃಗದಂತೆ ನೆಲಕ್ಕೆ ತಗ್ಗಿಸಿದರು. ಅದರ ಯಂತ್ರಭಾಗವನ್ನು ಯೋಜಿಸಿದ ದಲ್ಲಾರನಿಗೆ ಮೂವತ್ತು ವರ್ಷ ತುಂಬಿರಲಿಲ್ಲ. ಆಕಾರವನ್ನು ಬರೆದ ಗಾಂದೀನಿಗೆ ಇಪ್ಪತ್ತೇಳು. ಇದೇ ಗಾಂದೀನಿಯ ಮುಂದಿನ ಕೃತಿ ಕುಂತಾಶ್. ಸೋಜಿಗವನ್ನು ಕಂಡಾಗ ಟೂರಿನ್ ಸೀಮೆಯವರ ಬಾಯಿಂದ ಹೊರಡುವ ಉದ್ಗಾರವೇ ಅದರ ಹೆಸರು.

ಇವುಗಳ ಆಕರ್ಷಣೆಯು ಅರ್ಧ ಶತಮಾನ ಕಳೆದರೂ ಕುಂದದಿರುವುದಕ್ಕೆ ಕಾರಣವೇನು? ವೇಗವೆನ್ನುವಂತಿಲ್ಲ. ವಿದ್ಯುಚ್ಛಕ್ತಿಯಿಂದ ನಡೆಯುವ ಇಂದಿನ ಎಷ್ಟೋ ಕಾರುಗಳು ನಿಂತಲ್ಲಿಂದ ಹೊರಡುವಾಗ ಮಿಯುರಾವನ್ನು ಹಿಂದೆ ಹಾಕಬಲ್ಲವು. ವಿರಳತೆಯೊಂದೇ ಕಾರಣವೆನ್ನುವುದೂ ಸಾಲದು. ವಿರಳವಾಗಿದ್ದೂ ಮರೆತುಹೋದ ಗಾಡಿಗಳು ಲೆಕ್ಕವಿಲ್ಲದಷ್ಟಿವೆ. ನಿಜವಾದ ಕಾರಣವನ್ನು ಮೊದೆನಾದ ಸೆರ್ಜಿಯೊ ಸ್ಕಾಲ್ಯೆತ್ತಿಯ ಕೆಲಸದಲ್ಲಿ ಹುಡುಕಬೇಕು. ಬಾಲ್ಯದಲ್ಲಿಯೇ ಶಾಲೆ ಬಿಟ್ಟು ಗಾಡಿಯ ಮೈಕಟ್ಟುವ ಕೆಲಸಕ್ಕೆ ಸೇರಿದ ಈತನು, ಅಲ್ಯುಮಿನಿಯಮ್ ತಗಡನ್ನು ಮರಳಿನ ಚೀಲದ ಮೇಲಿರಿಸಿ, ಅನೇಕ ವೇಳೆ ನಕ್ಷೆಯ ಹಂಗೂ ಇಲ್ಲದೆ, ಕಣ್ಣಳತೆಯಿಂದಲೇ ಬಡಿದು ಆಕಾರಕ್ಕೆ ತರುತ್ತಿದ್ದನು. ಫೆರಾರಿ 250 ಜಿಟಿಓ ಎಂಬ ಕಾರು 1962ರಿಂದ 1964ರವರೆಗೆ ಅವನ ಕೈಗಳಿಂದಲೂ ಅವನ ಸಂಗಡಿಗರ ಕೈಗಳಿಂದಲೂ ರೂಪುಗೊಂಡಿತು. ಮಾಡಿದ್ದು 36 ಮಾತ್ರ. ಕೈಯ ಕೆಲಸವಾದುದರಿಂದ ಒಂದರಂತೆ ಇನ್ನೊಂದಿಲ್ಲ. 2018ರಲ್ಲಿ ಅಮೆರಿಕದ ಹರಾಜಿನಲ್ಲಿ ಅಂತಹುದೊಂದು 4 ಕೋಟಿ 84 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಮರುವರ್ಷ ಬೊಲೋನ್ಯದ ನ್ಯಾಯಾಲಯವು ಆ ಕಾರಿನ ಆಕಾರವು ಕಲಾಕೃತಿಯೇ ಸರಿಯೆಂದೂ ಅದನ್ನು ಅನುಕರಿಸಕೂಡದೆಂದೂ ತೀರ್ಪಿತ್ತಿತು. ಸುತ್ತಿಗೆಯ ಪೆಟ್ಟಿನಿಂದ ಹುಟ್ಟಿದ ವಸ್ತುವಿಗೆ ಇಷ್ಟು ಮನ್ನಣೆ!

ಇದೇ ಸುತ್ತಿಗೆಯ ವಿದ್ಯೆಯು ದಂಡಿನ ಪೂರ್ವಕ್ಕೆ ಅಪರಿಚಿತವಲ್ಲ. ವಿಮಾನದ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತು ಮಾಡಿದರು. ಯುದ್ಧವು ಮುಗಿದ ಮೇಲೆ ಅದೇ ಕಾರ್ಖಾನೆಯಲ್ಲಿ ರೈಲು ಬಂಡಿಗಳನ್ನೂ ಬಸ್ಸಿನ ಮೈಕಟ್ಟುಗಳನ್ನೂ ಲೋಹದಿಂದಲೇ ಮಾಡಿದರು. ಕಾರ್ಖಾನೆಯ ಹೊರಗೆ, ಶಿವಾಜಿನಗರದ ಗುಜರಿಯ ಆಸುಪಾಸಿನಲ್ಲಿಯೂ ಹಲಸೂರಿನ ಗಲ್ಲಿಗಳಲ್ಲಿಯೂ ನಜ್ಜುಗುಜ್ಜಾದ ಮಡ್‌ಗಾರ್ಡನ್ನು ಹಿಂದಿನಿಂದ ಒತ್ತುಗಲ್ಲು ಕೊಟ್ಟು, ಮುಂದಿನಿಂದ ಮೆಲ್ಲಗೆ ಬಡಿದು, ಅಂಗೈಯಿಂದ ಸವರಿ ಉಬ್ಬುತಗ್ಗನ್ನು ಅರಿಯುವ ಕುಶಲಿಗಳು ತಲೆಮಾರುಗಳಿಂದ ದುಡಿದಿದ್ದಾರೆ. ಸ್ಕಾಲ್ಯೆತ್ತಿಯು ಮೈಯನ್ನು ಹೊಸದಾಗಿ ಸೃಷ್ಟಿಸಿದನು, ಇವರು ಕೆಟ್ಟದ್ದನ್ನು ಸರಿಪಡಿಸುವರು ಎಂಬ ಭೇದವುಂಟು, ನಿಜ. ಆದರೆ ಕೈಯ ವಿದ್ಯೆ ಒಂದೇ. ನಾವು ಮಾತ್ರ ಅವನನ್ನು ಶಿಲ್ಪಿಯೆಂದೂ ಇವರನ್ನು ಟಿಂಕರಿಂಗ್‌ನವರೆಂದೂ ಕರೆಯುತ್ತೇವೆ.

ಜೈಮಿನಿಯ ಮೀಮಾಂಸೆಯಲ್ಲಿ ರಥಕಾರನ ವಿಚಾರವೊಂದು ಬರುತ್ತದೆ. ಅಗ್ನ್ಯಾಧಾನಕ್ಕೆ ಅಧಿಕಾರಿಯೆಂದು ವೇದವು ಹೇಳುವ ರಥಕಾರನು ರಥವನ್ನು ಮಾಡುವವನೋ, ಅಥವಾ ಆ ಹೆಸರಿನ ಒಂದು ಜಾತಿಯವನೋ ಎಂಬುದು ಅಲ್ಲಿನ ಸಂಶಯ. ಯೋಗಾರ್ಥಕ್ಕಿಂತ ರೂಢಿಯೇ ಬಲವತ್ತರವಾದುದರಿಂದ ಜಾತಿಯವನೇ ಎಂಬುದು ಸಿದ್ಧಾಂತ. ರಥವನ್ನು ನಿಜವಾಗಿ ಮಾಡಿದವನಿಗೆ ಆ ಮಾತ್ರದಿಂದ ಅಧಿಕಾರವಿಲ್ಲ! ಯಜ್ಞದ ವಿಷಯದಲ್ಲಿ ಆ ಸಿದ್ಧಾಂತವು ಸಾಧುವಾಗಿರಬಹುದು. ಕುಶಲತೆಯ ವಿಷಯದಲ್ಲಿ ಸಲ್ಲದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿ ಹೋದರು, ಅವರನ್ನು ತಡೆಯುವವರಿರಲಿಲ್ಲ. ಫೆರಾರಿ ಕಂಪೆನಿಯೂ 2004ರಲ್ಲಿ ತನ್ನ ಹೊಸ ಕಾರಿಗೆ ‘612 ಸ್ಕಾಲ್ಯೆತ್ತಿ’ ಎಂದು ಹೆಸರಿಟ್ಟಿತು. ತಗಡು ಬಡಿದವನು ಆಗ ಇನ್ನೂ ಬದುಕಿದ್ದನು.

ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳು ಸಂದವು. ಮುಂಬಯಿಯ ಬೀದಿಗಳಿಂದ ಆ ಟ್ಯಾಕ್ಸಿಯು 2023ರಲ್ಲಿ ಮರೆಯಾಯಿತು. ಈಗಿನ ಗಾಡಿಗಳಲ್ಲಿ ಪೆಟ್ಟು ಬಿದ್ದ ಭಾಗವನ್ನು ಬಡಿಯುವ ಬದಲು ಅನೇಕ ವೇಳೆ ಕಳಚಿ ಬೇರೆಯದನ್ನು ಜೋಡಿಸುವರು; ಎಷ್ಟೋ ಭಾಗಗಳು ತಗಡೇ ಅಲ್ಲ, ಪ್ಲಾಸ್ಟಿಕ್ಕು. ಪದ್ಮಿನಿಯನ್ನು ಇಂದಿಗೂ ಸಾಕಿಕೊಂಡಿರುವವರು ಅದರ ಬಾಗಿಲು ತುಕ್ಕು ಹಿಡಿದರೆ ಶಿವಾಜಿನಗರಕ್ಕೆ ಬಂದು ಮೊದಲು ಬಾಗಿಲನ್ನು ವಿಚಾರಿಸುವರು. ಅದು ಸಿಕ್ಕದಿದ್ದಾಗ, ಬರಿಯ ತಗಡಿನಿಂದ ಅದನ್ನು ಬಡಿದು ಕೊಡಬಲ್ಲ ಮುದುಕರು ಯಾರಾದರೂ ಉಳಿದಿರುವರೇ ಎಂದು ವಿಚಾರಿಸುವರು.