ಅರವತ್ತು ನಿಮಿಷ, ಅರವತ್ತಾರು ದಿನ ಮತ್ತು ಮುಂಗಾರು: ಮಣ್ಣಗುಡ್ಡದ ಹದಿಹರೆಯದವರ ದೈನಂದಿನ ಚಟುವಟಿಕೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹದಿಹರೆಯದವರು ದಿನಕ್ಕೆ ಒಂದು ತಾಸಾದರೂ ಮೈ ಬೆವರುವಷ್ಟು ಆಡಬೇಕು, ನಡೆಯಬೇಕು ಎಂಬ ಸಲಹೆ ಈಗ ಶಾಲೆಯ ಗೋಡೆಬರಹದಿಂದ ಮಕ್ಕಳ ವೈದ್ಯರ ಕೊಠಡಿಯವರೆಗೆ ಎಲ್ಲೆಡೆ ಬಳಕೆಯಲ್ಲಿದೆ. ಅದರ ಹಿಂದಿನ ಅಂಕಿಗಳು ಮಾತ್ರ ಒಂದೇ ಮೂಲದವಲ್ಲ, ಒಂದೇ ವಯೋಮಾನಕ್ಕೆ ಸೇರಿದವೂ ಅಲ್ಲ. ಆ ಅಂಕಿಗಳನ್ನು ಮಂಗಳೂರಿನ ಮಣ್ಣಗುಡ್ಡಕ್ಕೆ ಅನ್ವಯಿಸಲು ಹೊರಟಾಗ ಎದುರಾಗುವ ತೊಡಕುಗಳನ್ನು ಗುರುತಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ. ಹೊಸ ಕ್ಷೇತ್ರಕಾರ್ಯದ ದತ್ತಾಂಶ ಇದರಲ್ಲಿಲ್ಲ. ಪ್ರಕಟಿತ ಆಕರಗಳನ್ನು ಪರಸ್ಪರ ಹೋಲಿಸಿ, ಅವನ್ನು ಇಲ್ಲಿನ ಮಳೆಗಾಲ ಮತ್ತು ಶಾಲಾ ವೇಳಾಪಟ್ಟಿಯ ಎದುರು ಇಟ್ಟು ನೋಡಲಾಗಿದೆ.

ಮಣ್ಣಗುಡ್ಡವನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. ಮಕ್ಕಳು ಆಡದಿರುವುದಕ್ಕೆ ಜಾಗದ ಕೊರತೆಯೇ ಮೂಲ ಎಂಬ ವಿವರಣೆ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಸಿಂಥೆಟಿಕ್ ಟ್ರ್ಯಾಕ್ ಇರುವ ಮಂಗಳಾ ಕ್ರೀಡಾಂಗಣ ಈ ಭಾಗದಲ್ಲೇ ಇದೆ, ಮಹಾನಗರ ಪಾಲಿಕೆಯ ಈಜುಕೊಳ ಲೇಡಿಹಿಲ್ ಕಡೆಗಿದೆ, ಉರ್ವ ಮಾರುಕಟ್ಟೆಯ ಒಳಾಂಗಣ ಕ್ರೀಡಾಂಗಣವೂ ದೂರವಲ್ಲ. ಸೌಕರ್ಯ ಇದ್ದೂ ಅಭ್ಯಾಸ ಬೆಳೆಯದಿದ್ದರೆ ಕಾರಣವನ್ನು ಬೇರೆಡೆಯೂ ಹುಡುಕಬೇಕಾಗುತ್ತದೆ.

2. ಮಾನದಂಡದ ಎರಡು ಪಾಠಗಳು: 2010 ಮತ್ತು 2020

ವಿಶ್ವ ಆರೋಗ್ಯ ಸಂಸ್ಥೆಯ 2010ರ ಶಿಫಾರಸಿನ ಪ್ರಕಾರ 5ರಿಂದ 17 ವರ್ಷದವರು ಪ್ರತಿದಿನ ಕನಿಷ್ಠ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. 2020ರ ನವೆಂಬರ್‌ನಲ್ಲಿ ಹೊರಬಂದ ಮಾರ್ಗಸೂಚಿ ಇದನ್ನು ಸಡಿಲಿಸಿ, ವಾರದುದ್ದಕ್ಕೂ ಲೆಕ್ಕ ಹಾಕಿದಾಗ ದಿನಕ್ಕೆ ಸರಾಸರಿ 60 ನಿಮಿಷ ಇರಬೇಕು ಎಂದಿತು. ತೀವ್ರ ಚಟುವಟಿಕೆ ಹಾಗೂ ಸ್ನಾಯು ಮತ್ತು ಮೂಳೆ ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ 3 ದಿನ ಇರಬೇಕೆಂಬ ಮಾತು ಎರಡರಲ್ಲೂ ಇದೆ.

ಬದಲಾವಣೆ ಸಣ್ಣದೆಂದು ಕಾಣಬಹುದು, ಲೆಕ್ಕದಲ್ಲಿ ಅದು ಸಣ್ಣದಲ್ಲ. ಜೋರು ಮಳೆಯ 3 ದಿನ ತಲಾ 40 ನಿಮಿಷ, ಮಳೆ ಬಿಡುವು ಕೊಟ್ಟ 4 ದಿನ ತಲಾ 80 ನಿಮಿಷ ಚಟುವಟಿಕೆಯಿಂದಿದ್ದ ವಿದ್ಯಾರ್ಥಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಾರದ ಮೊತ್ತ 440 ನಿಮಿಷ, ಸರಾಸರಿ 62.9 ನಿಮಿಷ. 2020ರ ಪಾಠದಂತೆ ಈ ವಿದ್ಯಾರ್ಥಿ ಮಾನದಂಡ ಮುಟ್ಟಿದ್ದಾನೆ, 2010ರ ಪಾಠದಂತೆ ಮುಟ್ಟಿಲ್ಲ. ಕರಾವಳಿಯಂಥ ಪ್ರದೇಶಕ್ಕೆ ಎರಡನೆಯ ಪಾಠವೇ ಹೆಚ್ಚು ನ್ಯಾಯವಾದದ್ದು ಎಂದು ತೋರುತ್ತದೆ. ಆದರೆ ಇಂದಿಗೂ ಹೆಚ್ಚು ಉಲ್ಲೇಖಗೊಳ್ಳುವ ಜಾಗತಿಕ ಅಂಕಿಗಳು ಮೊದಲ ಪಾಠವನ್ನು ಆಧರಿಸಿದವು.

ವಯಸ್ಸಿನ ಗೆರೆಯನ್ನೂ ಗಮನಿಸಬೇಕು. 18 ತುಂಬಿದವರಿಗೆ ವಯಸ್ಕರ ಮಾನದಂಡ ಅನ್ವಯಿಸುತ್ತದೆ: ವಾರಕ್ಕೆ ಮಧ್ಯಮ ಮಟ್ಟದ 150ರಿಂದ 300 ನಿಮಿಷ. ದ್ವಿತೀಯ ಪಿಯುಸಿಯ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರ ಗುರಿ ವಾರಕ್ಕೆ 420 ನಿಮಿಷ, ಇನ್ನೊಬ್ಬರದು ಅದಕ್ಕಿಂತ ಸಾಕಷ್ಟು ಕಡಿಮೆ. 13ರಿಂದ 19ರವರೆಗಿನ ವಯಸ್ಸನ್ನು ಒಂದೇ ಗುಂಪಾಗಿ ಪರಿಗಣಿಸುವ ಬರಹಗಳಲ್ಲಿ ಈ ಭೇದ ಅಳಿಸಿಹೋಗುತ್ತದೆ.

3. ಶೇ. 73.9 ಮತ್ತು ಶೇ. 25.2

ಭಾರತದ ಹದಿಹರೆಯದವರ ಬಗ್ಗೆ ಎರಡು ಅಂಕಿಗಳು ಚಾಲ್ತಿಯಲ್ಲಿವೆ. ಅವುಗಳ ನಡುವಿನ ಅಂತರ ಸುಮಾರು ಮೂರು ಪಟ್ಟು.

ಮೊದಲನೆಯದು ರೆಜಿನಾ ಗುಥೋಲ್ಡ್ ಮತ್ತು ಸಂಗಡಿಗರದು. 146 ದೇಶಗಳ 298 ಸಮೀಕ್ಷೆಗಳನ್ನು, ಅಂದರೆ 11ರಿಂದ 17 ವರ್ಷದ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿದ ಈ ಅಧ್ಯಯನ 2019ರ ನವೆಂಬರ್‌ನಲ್ಲಿ ಆನ್‌ಲೈನ್ ಆಗಿ, 2020ರಲ್ಲಿ ಮುದ್ರಿತ ಸಂಚಿಕೆಯಲ್ಲಿ ಬಂತು. ಒಂದೇ ಲೇಖನಕ್ಕೆ ಬರಹಗಳಲ್ಲಿ ಎರಡು ವರ್ಷಗಳು ಕಾಣುವುದು ಇದರಿಂದ. ಅಂದಾಜಿನ ವರ್ಷ ಇವೆರಡೂ ಅಲ್ಲ, 2016. ಆ ವರ್ಷ ಜಗತ್ತಿನಲ್ಲಿ ಶೇ. 81.0 ಮಂದಿ (ಹುಡುಗರು ಶೇ. 77.6, ಹುಡುಗಿಯರು ಶೇ. 84.7) ಸಾಕಷ್ಟು ಚಟುವಟಿಕೆ ಇಲ್ಲದವರು. ಭಾರತದ ಅಂಕಿ ಶೇ. 73.9.

ಎರಡನೆಯದು 2017–18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಗಾ ಸಮೀಕ್ಷೆ. ಬೆಂಗಳೂರಿನಲ್ಲಿರುವ ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ಇದನ್ನು ಮುನ್ನಡೆಸಿತು. 15ರಿಂದ 17 ವರ್ಷದ 1,531 ಮಂದಿಯಲ್ಲಿ ಶೇ. 25.2 ಜನರ ಚಟುವಟಿಕೆ ಸಾಲದು ಎಂದು ಅದು ಕಂಡುಕೊಂಡಿತು.

ಎರಡರಲ್ಲಿ ಒಂದು ತಪ್ಪೆಂದು ತೀರ್ಮಾನಿಸುವ ಅಗತ್ಯ ಕಾಣುವುದಿಲ್ಲ. ವಯೋಮಾನ ಬೇರೆ, ಕೇಳಿದ ಸ್ಥಳ ಬೇರೆ, ಪ್ರಶ್ನೆಯ ರಚನೆಯೂ ಬೇರೆ ಇರುವಂತಿದೆ. ಶಾಲಾ ಸಮೀಕ್ಷೆಗಳಲ್ಲಿ ಬಳಕೆಯಲ್ಲಿರುವ ಪ್ರಶ್ನೆಯ ಸಾರ ಹೀಗಿದೆ: ಕಳೆದ 7 ದಿನಗಳಲ್ಲಿ ಎಷ್ಟು ದಿನ ಒಟ್ಟು 60 ನಿಮಿಷವಾದರೂ ದೈಹಿಕವಾಗಿ ಚಟುವಟಿಕೆಯಿಂದಿದ್ದೆ? ತರಗತಿಯಲ್ಲಿ ಕುಳಿತು ಉತ್ತರ ಗುರುತಿಸುವ ವಿದ್ಯಾರ್ಥಿನಿಗೆ ನೆನಪಾಗುವುದು ಆಟದ ಪೀರಿಯಡ್, ಕಬಡ್ಡಿ, ಥ್ರೋಬಾಲ್. ಬೆಳಿಗ್ಗೆ ಅಂಗಳ ಗುಡಿಸಿದ್ದು, ಪುಸ್ತಕದ ಚೀಲ ಹೊತ್ತು ಏರು ಹತ್ತಿ ಬಸ್‌ಸ್ಟಾಪಿಗೆ ಬಂದದ್ದು, ಸಂಜೆ ತಮ್ಮನನ್ನು ಟ್ಯೂಷನ್‌ಗೆ ನಡೆಸಿಕೊಂಡು ಹೋದದ್ದು ಆ ಎಣಿಕೆಗೆ ಬರುವ ಸಾಧ್ಯತೆ ಕಡಿಮೆ. ಮನೆಗೆ ಬಂದು ಕೆಲಸ, ಓಡಾಟ, ಬಿಡುವು ಎಂದು ವಿಂಗಡಿಸಿ ಕೇಳಿದರೆ ಅದೇ ನಿಮಿಷಗಳು ಒಳಗೆ ಬರುತ್ತವೆ. ಭಾರತ ಮತ್ತು ಬಾಂಗ್ಲಾದೇಶದ ಹುಡುಗಿಯರ ಅಂಕಿ ಇತರ ದೇಶಗಳಿಗಿಂತ ಉತ್ತಮವಾಗಿರುವುದಕ್ಕೆ ಮನೆಗೆಲಸ ಕಾರಣವಿರಬಹುದೆಂದು ಗುಥೋಲ್ಡ್ ತಂಡವೇ ಊಹಿಸಿದೆ. ಈ ಊಹೆ ಸರಿಯಾಗಿದ್ದರೆ ಅದನ್ನು ಸಮಾಧಾನದ ಸಂಗತಿಯೆಂದು ಬರೆಯಲಾಗದು. ಹುಡುಗನ ನಿಮಿಷಗಳು ಕ್ರಿಕೆಟ್ಟಿನಿಂದ, ಹುಡುಗಿಯ ನಿಮಿಷಗಳು ಪೊರಕೆಯಿಂದ ಬಂದಿದ್ದರೆ ಮೊತ್ತ ಸಮವಾದರೂ ಅನುಭವ ಸಮವಲ್ಲ.

ಮಾದರಿಯ ಮಿತಿ ಇನ್ನೂ ಒಂದಿದೆ. ಭಾರತದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಾಲಾ ಸಮೀಕ್ಷೆ 2007ರಲ್ಲಿ ನಡೆದದ್ದು ಸಿಬಿಎಸ್‌ಇ ಶಾಲೆಗಳಲ್ಲಿ. ರಾಜ್ಯ ಪಠ್ಯಕ್ರಮದ ಶಾಲೆಗಳ ಮಕ್ಕಳು ಅದರಲ್ಲಿಲ್ಲ. ನಿಗಾ ಸಮೀಕ್ಷೆಯ ಮಾದರಿಯೂ ರಾಷ್ಟ್ರಮಟ್ಟದ ಅಂದಾಜಿಗೆ ರೂಪಿತವಾದದ್ದು. ಹಾಗಾಗಿ ಮಣ್ಣಗುಡ್ಡದ ಮಕ್ಕಳಲ್ಲಿ ಶೇ. ಇಷ್ಟು ಮಂದಿ ನಿಷ್ಕ್ರಿಯರು ಎಂಬ ಹೇಳಿಕೆಗೆ ಈ ಎರಡರಿಂದಲೂ ಆಧಾರ ಸಿಗದು.

4. ಅರವತ್ತಾರು ದಿನ ಎಲ್ಲಿ ಬೀಳುತ್ತವೆ

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತಿನ ಮೂಲವನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅವರ 1960ರ ಪುಸ್ತಕದಲ್ಲಿ ಗುರುತಿಸುತ್ತಾರೆ. ಅದು ಪ್ರಯೋಗದ ಫಲಿತಾಂಶವಲ್ಲ. ಪ್ರಯೋಗದ ಬಲವಿರುವುದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನಕ್ಕೆ. (ಆನ್‌ಲೈನ್ 2009, ಮುದ್ರಣ 2010, ಇಲ್ಲೂ ಎರಡು ವರ್ಷಗಳು.) 96 ಮಂದಿ, 84 ದಿನ. ಒಂದು ಕ್ರಿಯೆ ಯೋಚನೆಯಿಲ್ಲದೆ ತಾನಾಗಿ ನಡೆಯುವ ಹಂತದ ಸಮೀಪಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ 66 ದಿನ, ವ್ಯಾಪ್ತಿ 18ರಿಂದ 254 ದಿನ. 254 ಎಂಬುದು 84 ದಿನಗಳ ದತ್ತಾಂಶವನ್ನು ಮುಂದಕ್ಕೆ ಚಾಚಿ ಪಡೆದ ಅಂದಾಜು ಎಂಬುದನ್ನು ಜನಪ್ರಿಯ ಬರಹಗಳು ಬಿಟ್ಟುಬಿಡುತ್ತವೆ. ಮಾದರಿ ರೇಖೆ ಚೆನ್ನಾಗಿ ಹೊಂದಿದ್ದು 39 ಮಂದಿಗೆ ಮಾತ್ರ, ಮತ್ತು ಭಾಗವಹಿಸಿದವರೆಲ್ಲ ವಯಸ್ಕರು. ತಿನ್ನುವ, ಕುಡಿಯುವ ಅಭ್ಯಾಸಗಳಿಗಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಹಿಡಿಯಿತು. ಒಂದು ದಿನ ತಪ್ಪಿದ್ದರಿಂದ ಗಮನಾರ್ಹ ಹಾನಿ ಕಾಣಲಿಲ್ಲ.

ಈ ಮಿತಿಗಳನ್ನು ಒಪ್ಪಿಕೊಂಡೇ ಒಂದು ಸರಳ ಲೆಕ್ಕ ಮಾಡಬಹುದು. ರಾಜ್ಯದ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆಗೆ ಅಥವಾ ಜೂನ್ ಆರಂಭಕ್ಕೆ ತೆರೆಯುತ್ತವೆ (2022ರಲ್ಲಿ ಮೇ 16ಕ್ಕೇ ತೆರೆದದ್ದು ಅಪವಾದ). ಹೊಸ ನಿರ್ಧಾರಗಳು ಹುಟ್ಟುವುದೂ ಹೊಸ ಪುಸ್ತಕಗಳ ಜೊತೆಗೇ. ಜೂನ್ 1ನ್ನು ಮೊದಲ ದಿನವೆಂದು ಎಣಿಸಿದರೆ 66ನೇ ದಿನ ಆಗಸ್ಟ್ 5, 84ನೇ ದಿನ ಆಗಸ್ಟ್ 23. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ 3,500 ಮಿ.ಮೀ.ಗೂ ಮೀರಿದ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅಂದರೆ ಅಭ್ಯಾಸ ಕುದುರಬೇಕಾದ ಅವಧಿ ಪೂರ್ತಿಯಾಗಿ ಮುಂಗಾರಿನೊಳಗೇ ಬೀಳುತ್ತದೆ. ಜಿಲ್ಲಾಧಿಕಾರಿಗಳು ಘೋಷಿಸುವ ಮಳೆ ರಜೆಗಳು ಬರುವುದೂ ಇದೇ ತಿಂಗಳುಗಳಲ್ಲಿ. ಶಾಲೆಯ ಗಂಟೆಗೋ ಮೈದಾನಕ್ಕೋ ಕಟ್ಟಿಹಾಕಿದ ಅಭ್ಯಾಸ ಆ ದಿನಗಳಲ್ಲಿ ತನ್ನ ಸೂಚಕವನ್ನೇ, ಅಂದರೆ ಕ್ರಿಯೆಯನ್ನು ನೆನಪಿಸಿ ಶುರುಮಾಡಿಸುವ ಸಂದರ್ಭವನ್ನೇ, ಕಳೆದುಕೊಳ್ಳುತ್ತದೆ. ಒಂದು ದಿನದ ತಪ್ಪು ಹಾನಿಯಲ್ಲ ಎಂಬ ಲ್ಯಾಲಿ ತಂಡದ ಮಾತು ಮೂರು ನಾಲ್ಕು ದಿನಗಳ ಸತತ ರಜೆಗೂ ಸಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಒಣ ತಿಂಗಳುಗಳೂ ಪೂರ್ತಿ ಅನುಕೂಲಕರವಲ್ಲ. ಜನವರಿಯಿಂದ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪರೀಕ್ಷೆಯ ತಯಾರಿ ಸಂಜೆಯನ್ನು ನುಂಗುತ್ತದೆ. ಹೊರಾಂಗಣಕ್ಕೆ ನಿಜವಾಗಿ ತೆರೆದಿರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳು ಎನ್ನಬಹುದು.

ತುಳುನಾಡಿನ ರೂಢಿಯಲ್ಲಿ ಆಟಿ ತಿಂಗಳಿಗೆ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಗುರುತಾದ ಆಟ ಚೆನ್ನೆಮಣೆ. ಅದು ಕುಳಿತು ಆಡುವ ಆಟ. ಮಳೆಗಾಲ ದೇಹಕ್ಕೆ ಬಿಡುವಿನ ಕಾಲವೆಂಬ ತಿಳಿವಳಿಕೆ ಹಳೆಯದೆಂದು ಇದರಿಂದ ಊಹಿಸಬಹುದೇನೋ. ಆದರೆ ಆ ಬಿಡುವು ಗದ್ದೆಯಲ್ಲಿ ನೇಜಿ ನೆಟ್ಟು ದಣಿದ ದೇಹಗಳಿಗೆ ಸಿಕ್ಕಿದ್ದು. ಇಂದಿನ ನಗರದ ವಿದ್ಯಾರ್ಥಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಾಗದು.

5. ಹುಲಿವೇಷ: ಋತುಬದ್ಧ ತೀವ್ರತೆ

ಮಣ್ಣಗುಡ್ಡಕ್ಕೆ ತಾಗಿರುವ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದ ದಸರೆಯ ಹೊತ್ತಿಗೆ ಈ ಭಾಗದ ಅನೇಕ ಹುಡುಗರು ಹುಲಿವೇಷದ ತಂಡಗಳಲ್ಲಿ ಕುಣಿಯುತ್ತಾರೆ. ತಾಸೆಯ ಪೆಟ್ಟಿಗೆ ಮೊಣಕಾಲು ಮಡಚಿ ನೆಲಕ್ಕಿಳಿಯುವುದು, ಅಲ್ಲಿಂದಲೇ ಚಿಮ್ಮುವುದು, ಕೈಯೂರಿ ಲಾಗ ಹಾಕುವುದು ಯಾವ ಅಳತೆಯಿಂದ ನೋಡಿದರೂ ತೀವ್ರ ಚಟುವಟಿಕೆಯೇ. ಸ್ನಾಯು ಬಲಪಡಿಸುವ ಅಂಶವೂ ಅದರಲ್ಲಿದೆ. ಆದರೆ ಅದರ ಸೂಚಕ ಹಬ್ಬ. ಶೋಭಾಯಾತ್ರೆ ಮುಗಿದಂತೆ ಸೂಚಕವೂ ಮುಗಿಯುತ್ತದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಈ ವಯಸ್ಸಿನವರಿಗೆ ಶ್ರಮ ಬೇಡ ಎಂಬ ದೂರು ಆಧಾರವಿಲ್ಲದ್ದು: ಜೊತೆಗಾರರು, ವಾದ್ಯ, ನೋಡುವ ಜನ ಇದ್ದಲ್ಲಿ ಶ್ರಮ ತಾನಾಗಿ ಬರುತ್ತದೆ. ಜೊತೆಗೆ, 7 ದಿನಗಳ ನೆನಪನ್ನು ಕೇಳುವ ಸಮೀಕ್ಷೆ ನವರಾತ್ರಿಯ ವಾರದಲ್ಲಿ ನಡೆದರೆ ಒಂದು ಉತ್ತರ, ಜುಲೈಯಲ್ಲಿ ನಡೆದರೆ ಇನ್ನೊಂದು ಉತ್ತರ ಬಂದೀತು.

6. ಶಾಲಾ ಪೀರಿಯಡ್‌ನ ಪಾಲು

ಸಿಬಿಎಸ್‌ಇ 2018–19ರಿಂದ 9ರಿಂದ 12ನೇ ತರಗತಿಗಳಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಿತು. 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನ ಆರಂಭವಾಯಿತು. ಇಂಥ ಕ್ರಮಗಳಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ 2021ರ ಕಾಕ್ರೇನ್ ವಿಮರ್ಶೆ ಉಪಯುಕ್ತ. 6ರಿಂದ 18 ವರ್ಷದವರ ಮೇಲಿನ 89 ಅಧ್ಯಯನಗಳನ್ನು ಪರಿಶೀಲಿಸಿದ ಆ ವಿಮರ್ಶೆಯಲ್ಲಿ, ಶಾಲಾ ಕಾರ್ಯಕ್ರಮಗಳಿಂದ ಮಧ್ಯಮ ಮತ್ತು ತೀವ್ರ ಚಟುವಟಿಕೆಯಲ್ಲಾದ ಸರಾಸರಿ ಹೆಚ್ಚಳ ದಿನಕ್ಕೆ 0.73 ನಿಮಿಷ. ಒಂದು ನಿಮಿಷಕ್ಕೂ ಕಡಿಮೆ. ಈ ಸರಾಸರಿಯೊಳಗೆ ಬಹಳ ಭಿನ್ನ ಕಾರ್ಯಕ್ರಮಗಳು ಸೇರಿರುವುದರಿಂದ ಇದನ್ನು ಶಾಲೆಯ ವೈಫಲ್ಯವೆಂದು ಓದಬಾರದು. ಪೀರಿಯಡ್ ಒಂದರಿಂದಲೇ 60 ನಿಮಿಷ ತುಂಬುವುದಿಲ್ಲ ಎಂಬಷ್ಟು ಮಾತ್ರ ಹೇಳಬಹುದು.

7. ತಾತ್ಕಾಲಿಕ ಸೂಚನೆಗಳು

ಮೇಲಿನ ಆಕರಗಳು ಸಾಬೀತುಪಡಿಸಿದವು ಎನ್ನಲಾಗದ, ಆದರೆ ಅವುಗಳಿಗೆ ವಿರುದ್ಧವೂ ಆಗದ ಕೆಲವು ಸೂಚನೆಗಳನ್ನು ಮುಂದಿಡಬಹುದು. ಅಭ್ಯಾಸದ ಸೂಚಕ ಮಳೆ ರಜೆಯ ದಿನವೂ ತಪ್ಪದೆ ಬರುವಂಥದ್ದಾಗಿರಬೇಕು: ಬೆಳಗಿನ ಚಹಾ, ಸಂಜೆಯ ಸ್ನಾನ, ದೀಪ ಹಚ್ಚುವ ಹೊತ್ತು. ಅದಕ್ಕೆ ಕಟ್ಟುವ ಕ್ರಿಯೆ ಜಗಲಿಯಲ್ಲಿ ಸಾಧ್ಯವಾಗುವಷ್ಟು ಕಿರಿದಾಗಿರಲಿ. 10 ನಿಮಿಷ ಸ್ಕಿಪ್ಪಿಂಗ್, ಕೆಲವು ಸುತ್ತು ಸೂರ್ಯನಮಸ್ಕಾರ, ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು. ಇದು 60 ನಿಮಿಷಕ್ಕೆ ಬದಲಿಯಲ್ಲ. ಮಳೆ ನಿಂತಾಗ ಮೈದಾನಕ್ಕೆ ಹೋಗುವ ರೂಢಿ ಹೊಸದಾಗಿ ಶುರುವಾಗಬೇಕಾಗದಂತೆ ಹಿಡಿದಿಡುವ ಕೊಂಡಿ. ಗುರಿಯನ್ನು ದಿನಕ್ಕಿಂತ ವಾರದ 420 ನಿಮಿಷದಲ್ಲಿ ಎಣಿಸುವುದು 2020ರ ಪಾಠಕ್ಕೆ ಹೊಂದುತ್ತದೆ. ಈಜುಕೊಳ ಮತ್ತು ಒಳಾಂಗಣ ಕ್ರೀಡಾಂಗಣಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹದಿಹರೆಯದವರಿಗೆ, ಅದರಲ್ಲೂ ಹುಡುಗಿಯರಿಗೆ, ಪ್ರತ್ಯೇಕ ಪಾಳಿ ಮೀಸಲಿಟ್ಟರೆ ಪ್ರಯೋಜನವಾದೀತು ಎಂದು ನಂಬಲು ಕಾರಣವಿದೆ.

ಚಟುವಟಿಕೆ ಋತುವಿನೊಂದಿಗೆ ಎಷ್ಟು ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸಲು ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಒಂದು ಸಿಬಿಎಸ್‌ಇ ಶಾಲೆ ಮತ್ತು ಒಂದು ರಾಜ್ಯ ಪಠ್ಯಕ್ರಮದ ಶಾಲೆಯ ಅದೇ ಮಕ್ಕಳನ್ನು ಜುಲೈಯಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಕೇಳಬಹುದು. ನವರಾತ್ರಿಯ ವಾರ ಮತ್ತು ಅದರ ತಾಲೀಮಿನ ವಾರಗಳನ್ನು ಹೊರಗಿಡಬೇಕು. ಆಟ, ಓಡಾಟ, ಮನೆಗೆಲಸಗಳ ನಿಮಿಷಗಳನ್ನು ಮೂರು ಬೇರೆ ಅಂಕಣಗಳಲ್ಲಿ ಬರೆಸಿಕೊಂಡು, ಕೇಳಿದ ವಾರದ ಮಳೆಯ ಪ್ರಮಾಣ ಮತ್ತು ರಜೆಯ ದಿನಗಳನ್ನೂ ಅದೇ ಹಾಳೆಯಲ್ಲಿ ದಾಖಲಿಸಬೇಕು.